ಮನೆಗೊಂದು ಕ್ಯಾಮರಾ

ಮಧ್ಯಮ ವರ್ಗದ ಸಂಸಾರದಲ್ಲಿ ಹೊಸ ವಸ್ತುವೊಂದು ಹೊಸ್ತಿಲು ದಾಟಿ ಒಳಬರುವುದಕ್ಕೆ ಮುಂಚೆ ಅದರ ಮಾತು ನಾಲ್ಕಾರು ಬಾರಿ ಊಟದ ಎಲೆಯ ಮುಂದೆ ಬಂದು ಹೋಗಿರುತ್ತದೆ. ಕ್ಯಾಮರಾದ ವಿಷಯದಲ್ಲಂತೂ ಈ ಚರ್ಚೆ ಇನ್ನೂ ದೀರ್ಘ. ಅಕ್ಕಿಬೇಳೆಯಂತೆ ಅದು ನಿತ್ಯದ ಅಗತ್ಯವಲ್ಲ. ಒಡವೆಯಂತೆ ಕಷ್ಟಕಾಲಕ್ಕೆ ಒದಗುವ ಆಸ್ತಿಯೂ ಅಲ್ಲ. ಮನೆಯಲ್ಲಿ ಎಲ್ಲರ ಕೈಯಲ್ಲೂ ಫೋನಿರುವಾಗ, ಆ ಫೋನಿನೊಳಗೇ ಕ್ಯಾಮರಾ ಇರುವಾಗ, ಇನ್ನೊಂದಕ್ಕೆ ಇಷ್ಟು ಹಣ ಸುರಿಯುವುದೇಕೆ ಎಂದು ಮನೆಯೊಡತಿ ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಕೊಳ್ಳಬೇಕೆಂದು ಹಟ ಹಿಡಿದವರು ಅದಕ್ಕೆ ಸರಿಯಾದ ಉತ್ತರ ಕೊಡಬಲ್ಲವರಾಗಿರಬೇಕು.

ಉತ್ತರ ಕಷ್ಟವೇನಲ್ಲ. ಹಗಲು ಬೆಳಕಿನಲ್ಲಿ, ನಾಲ್ಕು ಮಂದಿ ಸಾಲಾಗಿ ನಿಂತಾಗ, ಫೋನು ತೆಗೆಯುವ ಚಿತ್ರಕ್ಕೆ ಹೆಸರಿಡುವಂತಿಲ್ಲ. ಆದರೆ ಸಂಜೆಯ ಮಂದ ದೀಪದಲ್ಲಿ ಅಂಗಳದಿಂದ ಓಡಿಬರುವ ಮಗು, ಶಾಲೆಯ ವಾರ್ಷಿಕೋತ್ಸವದ ವೇದಿಕೆಯ ಮೇಲೆ ದೂರದಲ್ಲಿ ಕುಣಿಯುವ ಮಗಳು, ಕೆರೆಯ ಆಚೆ ದಡದಲ್ಲಿ ಕುಳಿತ ಮಿಂಚುಳ್ಳಿ, ಇವು ಸಾಮಾನ್ಯ ಫೋನಿಗೆ ಸುಲಭವಾಗಿ ಒಗ್ಗುವುದಿಲ್ಲ. ಬೆಳಕನ್ನು ಹಿಡಿಯುವ ಸೆನ್ಸರ್ ಸಾಮಾನ್ಯ ಫೋನಿನಲ್ಲಿ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಆರಂಭದ ದರ್ಜೆಯ ಡಿಎಸ್‌ಎಲ್‌ಆರ್ ಕ್ಯಾಮರಾದಲ್ಲಿಯಾದರೋ ಅದು ಅಂಚೆ ಚೀಟಿಯಷ್ಟು ದೊಡ್ಡದು: ನಿಕಾನ್ ಮಾದರಿಗಳಲ್ಲಿ ಸುಮಾರು 23.5 ಮಿಲಿಮೀಟರ್ ಅಗಲ, 15.6 ಮಿಲಿಮೀಟರ್ ಎತ್ತರ. ಕ್ಯಾನನ್ ಮಾದರಿಗಳಲ್ಲಿ ಅದಕ್ಕಿಂತ ಕೂದಲೆಳೆಯಷ್ಟು ಕಡಮೆ. ಮಳೆಯ ನೀರನ್ನು ಲೋಟದಲ್ಲಿ ಹಿಡಿಯುವುದಕ್ಕೂ ಹಂಡೆಯಲ್ಲಿ ಹಿಡಿಯುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ಅದಲ್ಲದೆ ಇದರ ಲೆನ್ಸನ್ನು ಕಳಚಿ, ಕೆಲಸಕ್ಕೆ ತಕ್ಕ ಇನ್ನೊಂದನ್ನು ತೊಡಿಸಬಹುದು. ಈ ಎರಡು ಗುಣಗಳು ಬೇಕಾಗಿಲ್ಲದ ಮನೆಗೆ ಈ ಕ್ಯಾಮರಾ ಬೇಕಾಗಿಲ್ಲ. ಬೇಕಾದ ಮನೆಯವರು ಮುಂದಿನ ಲೆಕ್ಕವನ್ನು ಕೊಂಚ ಗಮನವಿಟ್ಟು ನೋಡುವುದು ಒಳ್ಳೆಯದು.

ಕನ್ನಡಿಯ ಚಮತ್ಕಾರ

ಡಿಎಸ್‌ಎಲ್‌ಆರ್ ಎಂಬುದು ಡಿಜಿಟಲ್ ಸಿಂಗಲ್ ಲೆನ್ಸ್ ರಿಫ್ಲೆಕ್ಸ್ ಎಂಬ ನೀಳವಾದ ಹೆಸರಿನ ಮೊಟಕು ರೂಪ. ಹೆಸರು ಭಾರವಾದರೂ ತತ್ವ ಸರಳ. ಲೆನ್ಸಿನ ಹಿಂದೆ ಓರೆಯಾಗಿ ನಿಲ್ಲಿಸಿದ ಕನ್ನಡಿಯೊಂದು ಒಳಬಂದ ಬೆಳಕನ್ನು ಮೇಲಕ್ಕೆ ತಿರುಗಿಸುತ್ತದೆ. ಅಲ್ಲಿ ಪಟ್ಟಕದಿಂದಲೋ, ಅಗ್ಗದ ಮಾದರಿಗಳಲ್ಲಿ ಕನ್ನಡಿಗಳ ಜೋಡಣೆಯಿಂದಲೋ ಬಿಂಬ ನೆಟ್ಟಗಾಗಿ ಕಣ್ಣಿಗೆ ಕಾಣುತ್ತದೆ. ಗುಂಡಿ ಒತ್ತಿದ ಕ್ಷಣ ಕನ್ನಡಿ ಮೇಲೇಳುತ್ತದೆ, ಷಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. 'ಟಪ್' ಎಂದು ಕೇಳುವ ಸದ್ದು ಅದರದೇ. ಲೆನ್ಸು ಕಂಡದ್ದನ್ನೇ ಕಣ್ಣೂ ಕಾಣುವುದು ಈ ಯಂತ್ರದ ಹೆಚ್ಚುಗಾರಿಕೆ.

ಇದು ನಿನ್ನೆ ಮೊನ್ನೆಯ ಆವಿಷ್ಕಾರವಲ್ಲ. 35 ಮಿಲಿಮೀಟರ್ ಫಿಲ್ಮಿನ ಇಂತಹ ಕ್ಯಾಮರಾ 'ಕೀನೆ ಎಕ್ಸಾಕ್ಟಾ' ಎಂಬ ಹೆಸರಿನಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದಿಂದ 1936ರಲ್ಲಿಯೇ ಹೊರಬಂದಿತು. ಮೇಲಿನಿಂದ ಬಗ್ಗಿ ನೋಡಬೇಕಾಗಿದ್ದ ಕಷ್ಟವನ್ನು ಅದೇ ಊರಿನ 'ಕಾಂಟಾಕ್ಸ್ ಎಸ್' 1949ರಲ್ಲಿ ಪಟ್ಟಕವನ್ನು ಅಳವಡಿಸಿ ನೀಗಿಸಿತು. ಮೇಲೆದ್ದ ಕನ್ನಡಿ ತಾನಾಗಿಯೇ ಥಟ್ಟನೆ ಕೆಳಗಿಳಿಯುವ ಏರ್ಪಾಟನ್ನು 1954ರಲ್ಲಿ ಜಪಾನಿನ 'ಅಸಾಹಿಫ್ಲೆಕ್ಸ್' ಜನಪ್ರಿಯಗೊಳಿಸಿತು. 1959ರಲ್ಲಿ 'ನಿಕಾನ್ ಎಫ್' ಬಂದಮೇಲೆ ಪತ್ರಿಕಾ ಛಾಯಾಗ್ರಾಹಕರ ಹೆಗಲಿಗೆ ಈ ಜಾತಿಯ ಕ್ಯಾಮರಾ ಖಾಯಂ ಆಯಿತು.

ಫಿಲ್ಮಿನ ಜಾಗಕ್ಕೆ ಸೆನ್ಸರ್ ಬಂದಾಗ ಮೊದಲ ಹನ್ನೆರಡು ವರ್ಷ ಇದು ಶ್ರೀಮಂತ ಸಂಸ್ಥೆಗಳ ಸೊತ್ತಾಗಿಯೇ ಉಳಿಯಿತು. 1991ರಲ್ಲಿ ಕೊಡಕ್ ಸಂಸ್ಥೆ ನಿಕಾನ್ ಎಫ್ 3 ಬಾಡಿಗೆ ಸೆನ್ಸರ್ ಜೋಡಿಸಿ ಮಾರಿದ ಕ್ಯಾಮರಾ ಕೇವಲ 1.3 ಮೆಗಾಪಿಕ್ಸೆಲ್‌ನದು, ಬೆಲೆಯೋ ಹತ್ತಾರು ಸಾವಿರ ಡಾಲರ್. ಸಾಮಾನ್ಯರಿಗೆ ಬಾಗಿಲು ತೆರೆದದ್ದು 2003ರಲ್ಲಿ. ಆ ವರ್ಷ ಕ್ಯಾನನ್ ಹೊರತಂದ 'ಇಒಎಸ್ 300 ಡಿ' ಲೆನ್ಸ್ ಸಹಿತವಾಗಿಯೂ ಅಮೆರಿಕದಲ್ಲಿ ಸಾವಿರ ಡಾಲರಿನೊಳಗೆ ದೊರೆಯಿತು. ಬಾಡಿಯೊಂದು, 18–55 ಮಿಲಿಮೀಟರ್ ಲೆನ್ಸೊಂದು, ಎರಡೂ ಒಂದೇ ಪೆಟ್ಟಿಗೆಯಲ್ಲಿ: ಇಂದು ಅಂಗಡಿಯವರು 'ಕಿಟ್' ಎಂದು ಕರೆಯುವ ಪದ್ಧತಿ ಹೀಗೆ ಮನೆಮಾತಾಯಿತು.

ಹಳೆಯದಾದದ್ದೇ ಅನುಕೂಲ

ಇಂದು ಕೊಳ್ಳುವವರು ತಿಳಿದಿರಬೇಕಾದ ಮುಖ್ಯ ಸಂಗತಿ ಇನ್ನೊಂದಿದೆ. ದೊಡ್ಡ ಕಂಪನಿಗಳ ಗಮನ ಈಗ ಕನ್ನಡಿಯಿಲ್ಲದ, ಅಂದರೆ 'ಮಿರರ್‌ಲೆಸ್' ಕ್ಯಾಮರಾಗಳ ಕಡೆಗೆ ಹೊರಳಿದೆ. ನಿಕಾನ್ ತನ್ನ ಡಿ 780 ಮತ್ತು ಡಿ 6, ಕ್ಯಾನನ್ ತನ್ನ 850 ಡಿ, ಇವುಗಳನ್ನು ಹೊರತಂದದ್ದು 2020ರಲ್ಲಿ. ಅನಂತರ ಈ ಎರಡೂ ಸಂಸ್ಥೆಗಳು ಹೊಸ ಡಿಎಸ್‌ಎಲ್‌ಆರ್ ಮಾದರಿಗಳನ್ನು ತರುವುದನ್ನು ನಿಲ್ಲಿಸಿವೆ. ನಿಕಾನ್ ಡಿ 3500, ಡಿ 5600 ಎಂಬ ಜನಪ್ರಿಯ ಮಾದರಿಗಳ ತಯಾರಿಕೆಯೂ ನಿಂತಿದೆ.

ಹಾಗಾದರೆ ನಿಂತುಹೋದ ಜಾತಿಯ ವಸ್ತುವಿಗೆ ಹಣ ಹಾಕುವುದು ಜಾಣತನವೇ? ಮಿತವಾದ ಹಣವುಳ್ಳವರಿಗೆ ಇದು ನಷ್ಟಕ್ಕಿಂತ ಲಾಭವೇ ಹೆಚ್ಚು. ಹೊಸ ಕ್ಯಾಮರಾದ ಹಿಂದೆ ಬಿದ್ದವರು ಹಳೆಯದನ್ನು ಮಾರುತ್ತಿದ್ದಾರೆ. ಆದಕಾರಣ ಒಳ್ಳೆಯ ಸ್ಥಿತಿಯಲ್ಲಿರುವ ಬಾಡಿಗಳೂ ಲೆನ್ಸುಗಳೂ ಹಿಂದೆಂದಿಗಿಂತ ಸುಲಭವಾಗಿ ಸಿಗುತ್ತವೆ. ಕ್ಯಾನನ್ ತನ್ನ ಇಎಫ್ ಜಾತಿಯ ಲೆನ್ಸ್ ಜೋಡಣೆಯನ್ನು ಆರಂಭಿಸಿದ್ದು 1987ರಲ್ಲಿ, ನಿಕಾನ್ ತನ್ನ ಎಫ್ ಜೋಡಣೆಯನ್ನು 1959ರಲ್ಲಿ. ಇಷ್ಟು ವರ್ಷಗಳ ಫಸಲು ಪೇಟೆಯಲ್ಲಿ ತುಂಬಿದೆ. ನಾಳೆ ಮಿರರ್‌ಲೆಸ್ ಬಾಡಿಯನ್ನೇ ಕೊಂಡರೂ, ನಡುವೆ ಅಡಾಪ್ಟರ್ ಎಂಬ ಬಳೆಯೊಂದನ್ನು ಹಾಕಿ ಈ ಲೆನ್ಸುಗಳಲ್ಲಿ ಬಹುಪಾಲನ್ನು ಅದರ ಮೇಲೆ ಬಳಸಬಹುದು. ಬಾಡಿ ಹಳತಾಗುತ್ತದೆ, ಒಳ್ಳೆಯ ಲೆನ್ಸು ಅಷ್ಟು ಬೇಗ ಹಳತಾಗುವುದಿಲ್ಲ. ಮಿತವ್ಯಯದ ಕ್ಯಾಮರಾ ಖರೀದಿಯ ಗುಟ್ಟೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ.

ಮೆಗಾಪಿಕ್ಸೆಲ್ ಮರುಳು

ಅಂಗಡಿಯ ಮುಂದೆ ನಿಂತೊಡನೆ ಕಣ್ಣಿಗೆ ಬೀಳುವ ದೊಡ್ಡ ಅಂಕಿ ಮೆಗಾಪಿಕ್ಸೆಲ್. ಒಂದರಲ್ಲಿ 18, ಪಕ್ಕದಲ್ಲಿ 24. ಆರು ಹೆಚ್ಚಿದ್ದರೆ ಚಿತ್ರ ಆರರಷ್ಟು ಚೆನ್ನವೇ? ಲೆಕ್ಕ ಮಾಡಿ ನೋಡಬಹುದು. ಅಂಗುಲಕ್ಕೆ 300 ಚುಕ್ಕಿಗಳಂತೆ ಅಚ್ಚು ಹಾಕಿಸುವುದು ಉತ್ತಮ ದರ್ಜೆಯ ಮುದ್ರಣ. ಆಲ್ಬಮ್ಮಿನ 4 ಅಂಗುಲಕ್ಕೆ 6 ಅಂಗುಲದ ಪ್ರತಿಗೆ 1200ರಿಂದ 1800ನ್ನು ಗುಣಿಸಿದರೆ ಸುಮಾರು 22 ಲಕ್ಷ ಚುಕ್ಕಿ, ಎಂದರೆ ಎರಡು ಮೆಗಾಪಿಕ್ಸೆಲ್ ಮತ್ತು ಚಿಲ್ಲರೆ. ನಡುಮನೆಯ ಗೋಡೆಗೆ ತೂಗುಹಾಕುವ 8 ಅಂಗುಲಕ್ಕೆ 12 ಅಂಗುಲದ ಚಿತ್ರಕ್ಕೂ ಒಂಬತ್ತು ಮೆಗಾಪಿಕ್ಸೆಲ್ ಸಾಕು. 24 ಮೆಗಾಪಿಕ್ಸೆಲ್ ಚಿತ್ರವೆಂದರೆ ಅಡ್ಡಕ್ಕೆ 6000, ಉದ್ದಕ್ಕೆ 4000 ಚುಕ್ಕಿ. ಅದರಿಂದ 20 ಅಂಗುಲ ಅಗಲದ ಪಟವನ್ನೇ ಮಾಡಿಸಬಹುದು. ಎಷ್ಟು ಮನೆಗಳಲ್ಲಿ ಅಷ್ಟು ದೊಡ್ಡ ಪಟಗಳನ್ನು ತೂಗುಹಾಕುವ ಗೋಡೆ ಖಾಲಿ ಇದೆ?

ಹೆಚ್ಚಿನ ಚುಕ್ಕಿಗಳಿಂದ ಉಪಯೋಗವೇ ಇಲ್ಲವೆಂದಲ್ಲ. ದೂರದ ಹಕ್ಕಿಯ ಚಿತ್ರವನ್ನು ಸುತ್ತ ಕತ್ತರಿಸಿ ದೊಡ್ಡದು ಮಾಡುವಾಗ ಅವು ನೆರವಿಗೆ ಬರುತ್ತವೆ. ಆದರೆ ಈ ಅಂಕಿಯೊಂದಕ್ಕಾಗಿಯೇ ಸಾವಿರಾರು ರೂಪಾಯಿ ಹೆಚ್ಚು ತೆರುವುದು ವ್ಯರ್ಥ. ಹತ್ತು ವರ್ಷದ ಹಿಂದಿನ 16 ಅಥವಾ 18 ಮೆಗಾಪಿಕ್ಸೆಲ್ ಕ್ಯಾಮರಾ ಕೂಡ ಮನೆಯ ಅಗತ್ಯಕ್ಕೆ ಮಿಕ್ಕುವಷ್ಟು ಕೊಡುತ್ತದೆ.

ಪೆಟ್ಟಿಗೆಯಲ್ಲಿ ಏನಿದೆ?

ಕಿಟ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಬಾಡಿ, 18–55 ಮಿಲಿಮೀಟರ್ ಲೆನ್ಸ್, ಬ್ಯಾಟರಿ, ಚಾರ್ಜರ್ ಮತ್ತು ಕತ್ತಿಗೆ ಹಾಕುವ ಪಟ್ಟಿ ಇರುತ್ತವೆ. ಮೆಮೊರಿ ಕಾರ್ಡನ್ನು ಅಂಗಡಿಯವರು ಸೇರಿಸಿ ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.

18–55 ಎಂಬುದು ಲೆನ್ಸಿನ ಸಂಗಮದೂರ. ಫೋಕಲ್ ಲೆಂಗ್ತ್ ಎಂದು ಅಂಗಡಿಯಲ್ಲಿ ಹೇಳುತ್ತಾರೆ. 18ರ ತುದಿಯಲ್ಲಿ ನೋಟ ಅಗಲ: ಸೋಮನಾಥಪುರದ ಕೇಶವ ದೇವಾಲಯದ ಮುಂದೆ ನಿಂತು ಇಡೀ ಗುಡಿಯನ್ನು ಚೌಕಟ್ಟಿನೊಳಗೆ ತರಬಹುದು, ಮದುವೆಯ ಮನೆಯಲ್ಲಿ ಇಡೀ ಬಳಗವನ್ನು ಸೇರಿಸಬಹುದು. 55ರ ತುದಿ ಮುಖಚಿತ್ರಕ್ಕೆ ಹಿತವಾದದ್ದು. ಒಟ್ಟಿನಲ್ಲಿ ಪ್ರವಾಸಕ್ಕೂ ಹಬ್ಬಹರಿದಿನಕ್ಕೂ ಇದು ಸಾಕಾಗುವ ಲೆನ್ಸು. ಇದನ್ನು 'ಕಿಟ್ ಲೆನ್ಸು' ಎಂದು ಮೂಗು ಮುರಿಯುವವರ ಮಾತಿಗೆ ಕಿವಿಗೊಡಬೇಕಾಗಿಲ್ಲ.

ಆದರೆ ಲೆನ್ಸಿನ ಬಾಯಿಯ ಸುತ್ತ ಬರೆದಿರುವ ಅಕ್ಷರಗಳನ್ನು ಕೊಳ್ಳುವ ಮುನ್ನ ಓದತಕ್ಕದ್ದು. ಕ್ಯಾನನ್ ಲೆನ್ಸಿನ ಮೇಲೆ 'ಐಎಸ್', ನಿಕಾನ್ ಲೆನ್ಸಿನ ಮೇಲೆ 'ವಿಆರ್' ಎಂಬ ಅಕ್ಷರಗಳಿದ್ದರೆ ಕೈನಡುಕವನ್ನು ಸರಿದೂಗಿಸುವ ಏರ್ಪಾಟು ಒಳಗಿದೆಯೆಂದು ಅರ್ಥ. ಒಂದೇ 18–55 ಲೆನ್ಸು ಈ ಏರ್ಪಾಟಿನೊಡನೆಯೂ ಬಂದಿದೆ, ಇಲ್ಲದೆಯೂ ಬಂದಿದೆ. ಎರಡು ಅಂಗಡಿಗಳ ನಡುವೆ ಬೆಲೆಯಲ್ಲಿ ವಿಚಿತ್ರವಾದ ಅಂತರ ಕಂಡರೆ ಕಾರಣ ಅನೇಕ ವೇಳೆ ಈ ಎರಡು ಅಕ್ಷರಗಳೇ ಆಗಿರುತ್ತವೆ. ನಿಕಾನಿನ 70–300 ಲೆನ್ಸಿಗೂ ಇದೇ ಮಾತು ಸಲ್ಲುತ್ತದೆ. ಅಷ್ಟು ನೀಳವಾದ ಲೆನ್ಸಿನಲ್ಲಿ ಕೈಯ ಸಣ್ಣ ಅಲುಗಾಟವೂ ಚಿತ್ರವನ್ನು ಕೆಡಿಸುವುದರಿಂದ ಅಲ್ಲಂತೂ ಈ ಸೌಕರ್ಯ ಇರಲೇಬೇಕು.

ಎರಡನೆಯ ಲೆನ್ಸು ಯಾವುದು?

ಒಂದು ಲೆನ್ಸಿನ ಕಿಟ್ಟಿಗಿಂತ ಎರಡು ಲೆನ್ಸಿನ ಕಿಟ್ಟು ಲಾಭವೆಂದು ಮಾರುವವರು ಹೇಳುವುದು ವಾಡಿಕೆ. ಎರಡನೆಯದಾಗಿ ಬರುವುದು ಸಾಮಾನ್ಯವಾಗಿ 55–250 ಅಥವಾ 70–300ರ ದೂರದರ್ಶಕ ಲೆನ್ಸು. ಅದು ಬೇಕೋ ಬೇಡವೋ ಎಂಬುದು ಮನೆಯವರು ತೆಗೆಯುವ ಚಿತ್ರವನ್ನು ಅವಲಂಬಿಸಿದೆ.

ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕುಳಿತು ಕೊಕ್ಕರೆಗಳ ಗೂಡನ್ನು ಚಿತ್ರಿಸಬೇಕೆಂಬ ಹಂಬಲವುಳ್ಳವರಿಗೆ ಅದು ಬೇಕು. 55ರಲ್ಲಿ ಕಂಡ ಹಕ್ಕಿ 300ರಲ್ಲಿ ಐದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ. ಮೈದಾನದ ಕ್ರಿಕೆಟ್, ಹಗಲಿನ ಮೆರವಣಿಗೆ, ಕಾಡಿನ ಪ್ರಾಣಿ, ಇವಕ್ಕೂ ಅದೇ ಸರಿ.

ಆದರೆ ಬಹುಪಾಲು ಸಂಸಾರಗಳು ತೆಗೆಯುವ ಚಿತ್ರಗಳು ಮನೆಯೊಳಗಿನವು. ಮಗುವಿನ ಮೊದಲ ಹೆಜ್ಜೆ, ಅಜ್ಜಿಯ ಮುಖ, ಗೌರಿ ಹಬ್ಬದ ಸಂಜೆ, ಇವೆಲ್ಲ ಒಳಮನೆಯ ದೀಪದ ಬೆಳಕಿನಲ್ಲಿ ನಡೆಯತಕ್ಕವು. ಅಲ್ಲಿ ಕಿಟ್ ಲೆನ್ಸು ಸೋಲುತ್ತದೆ. ಕಾರಣ ಬೆಳಕು ಒಳಬರುವ ಕಂಡಿ, ಅಪರ್ಚರ್. ಇದರ ಅಳತೆ ಎಫ್ ಅಂಕಿಯಲ್ಲಿದೆ; ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು. ಕಿಟ್ ಲೆನ್ಸನ್ನು 55ಕ್ಕೆ ತಿರುಗಿಸಿದಾಗ ಅದರ ಕಂಡಿ ಎಫ್ 5.6ಕ್ಕಿಂತ ಹೆಚ್ಚು ತೆರೆಯದು. 50 ಮಿಲಿಮೀಟರ್ ಎಫ್ 1.8 ಎಂಬ ಪುಟ್ಟ ಲೆನ್ಸು ಅದಕ್ಕಿಂತ ಒಂಬತ್ತು ಪಟ್ಟಿಗೂ ಮೀರಿ ಬೆಳಕನ್ನು ಒಳಬಿಡುತ್ತದೆ. ಹಜಾರದ ದೀಪದಲ್ಲಿ ಮೊದಲನೆಯದಕ್ಕೆ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು ಕಾಲ ಬೇಕಾದರೆ ಎರಡನೆಯದಕ್ಕೆ ಮುನ್ನೂರರಲ್ಲಿ ಒಂದು ಪಾಲು ಹೆಚ್ಚುಕಡಮೆ ಸಾಕು. ಮೊದಲನೆಯ ಚಿತ್ರದಲ್ಲಿ ಓಡುವ ಮಗು ಮಸುಕಾದ ಗೆರೆ. ಎರಡನೆಯದರಲ್ಲಿ ಅದರ ಕಣ್ಣೆವೆಗಳನ್ನು ಎಣಿಸಬಹುದು. ಕೈನಡುಕ ತಡೆಯುವ ಏರ್ಪಾಟು ಇಲ್ಲಿ ಸಹಾಯಕ್ಕೆ ಬಾರದು. ಅದು ಹಿಡಿದವರ ಕೈಯನ್ನು ಸ್ಥಿರಗೊಳಿಸೀತೇ ಹೊರತು ಓಡುವ ಮಗುವನ್ನಲ್ಲ.

ಕ್ಯಾನನ್ ಸಂಸ್ಥೆ 2015ರಲ್ಲಿ ಹೊರತಂದ 50 ಮಿಲಿಮೀಟರ್ ಎಫ್ 1.8 ಎಸ್‌ಟಿಎಂ ಲೆನ್ಸಿನ ತೂಕ 160 ಗ್ರಾಂ. ಅದರ ಲೆನ್ಸುಗಳ ಸಾಲಿನಲ್ಲೇ ಅತ್ಯಂತ ಅಗ್ಗವಾದವುಗಳಲ್ಲಿ ಅದೂ ಒಂದು. ನಿಕಾನಿನಲ್ಲಿ 35 ಮಿಲಿಮೀಟರ್ ಎಫ್ 1.8 ಡಿಎಕ್ಸ್ ಲೆನ್ಸು ಇದೇ ಕೆಲಸಕ್ಕೆ ಬರುತ್ತದೆ. ನೋಟ ಕೊಂಚ ಅಗಲವಾದುದರಿಂದ ಇಕ್ಕಟ್ಟಾದ ಕೋಣೆಗೆ ಇನ್ನೂ ಅನುಕೂಲ. ಇವುಗಳಲ್ಲಿ ಜೂಮ್ ಇಲ್ಲ. ಹತ್ತಿರ ಬೇಕಾದರೆ ಕಾಲನ್ನೇ ಮುಂದಿಡಬೇಕು. ಮನೆಮಕ್ಕಳ ಚಿತ್ರಕ್ಕಾಗಿ ಕೊಳ್ಳುವವರು ಎರಡು ಲೆನ್ಸಿನ ದೊಡ್ಡ ಪೆಟ್ಟಿಗೆಯ ಬದಲು ಒಂದು ಲೆನ್ಸಿನ ಕಿಟ್ಟನ್ನು ತೆಗೆದುಕೊಂಡು, ಉಳಿದ ಹಣದಲ್ಲಿ ಇಂತಹ ಲೆನ್ಸೊಂದನ್ನು ಸೇರಿಸಿಕೊಳ್ಳುವುದು ಬುದ್ಧಿವಂತಿಕೆ.

ಬಾಡಿಗಳ ಗುಣಾವಗುಣ

ಲೆನ್ಸಿನ ವಿಚಾರ ತೀರ್ಮಾನವಾದ ಮೇಲೆ ಬಾಡಿಯ ಆಯ್ಕೆ ಹಗುರವಾಗುತ್ತದೆ. ಪೇಟೆಯಲ್ಲಿ, ಹೊಸದಾಗಿಯೋ ಬಳಸಿದ್ದಾಗಿಯೋ, ಹೆಚ್ಚಾಗಿ ಕಾಣುವ ನಾಲ್ಕು ಮಾದರಿಗಳನ್ನು ಹೋಲಿಸಬಹುದು.

ನಿಕಾನ್ ಡಿ 3500 ಬಂದದ್ದು 2018ರಲ್ಲಿ. ಬ್ಯಾಟರಿ, ಕಾರ್ಡು ಸೇರಿ 415 ಗ್ರಾಂ ತೂಕ, 24.2 ಮೆಗಾಪಿಕ್ಸೆಲ್. ಅಳತೆಯ ಪರೀಕ್ಷೆಯಲ್ಲಿ ಒಂದು ಬ್ಯಾಟರಿಗೆ 1,550 ಚಿತ್ರ ತೆಗೆದ ಮಿತವ್ಯಯಿ. ಹೊಸಬರಿಗೆ ಹೆಜ್ಜೆಹೆಜ್ಜೆಯಾಗಿ ತಿಳಿಸಿಕೊಡುವ 'ಗೈಡ್' ಎಂಬ ಏರ್ಪಾಟು ಇದರಲ್ಲಿದೆ. ಆದರೆ ಇದರ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಆದ್ದರಿಂದ 'ಎಎಫ್-ಎಸ್' ಅಥವಾ 'ಎಎಫ್-ಪಿ' ಎಂಬ ಗುರುತಿನ, ತಮ್ಮೊಳಗೇ ಮೋಟಾರ್ ಇರುವ ನಿಕಾನ್ ಲೆನ್ಸುಗಳು ಮಾತ್ರ ಇದರ ಮೇಲೆ ತಾವಾಗಿ ಫೋಕಸ್ ಮಾಡುತ್ತವೆ. 50 ಮಿಲಿಮೀಟರ್ ಎಫ್ 1.8 ಡಿ ಎಂಬ ಹಳೆಯ ಲೆನ್ಸು ಅಗ್ಗವೆಂದು ತಂದವರು ಕೈಯಿಂದಲೇ ತಿರುಗಿಸುತ್ತ ಕೂರಬೇಕಾಗುತ್ತದೆ. ಡಿ 5600ಕ್ಕೂ ಈ ಮಿತಿ ಇದೆ.

ಕ್ಯಾನನ್ 1500 ಡಿ ಕೂಡ 2018ರದು, 24.1 ಮೆಗಾಪಿಕ್ಸೆಲ್, 475 ಗ್ರಾಂ, ಒಂದು ಬ್ಯಾಟರಿಗೆ ಸುಮಾರು 500 ಚಿತ್ರ. ಫೋಕಸ್ ಬಿಂದುಗಳು ಒಂಬತ್ತು, ನಿಕಾನಿನಲ್ಲಿ ಹನ್ನೊಂದು. ಇದರ ಸಮಾಧಾನವೆಂದರೆ 1987ರಿಂದೀಚೆಗೆ ಬಂದ ಕ್ಯಾನನ್ ಇಎಫ್ ಲೆನ್ಸುಗಳಲ್ಲಿ ಹೆಚ್ಚುಕಡಮೆ ಎಲ್ಲವೂ ಇದರ ಮೇಲೆ ತಾವಾಗಿ ಫೋಕಸ್ ಮಾಡುತ್ತವೆ. ವೈಫೈ ಇರುವುದರಿಂದ ಚಿತ್ರವನ್ನು ಫೋನಿಗೆ ಕಳಿಸುವುದೂ ಸುಲಭ.

ಅದರ ತಮ್ಮನಾದ 3000 ಡಿ ಇನ್ನೂ ಅಗ್ಗ. ಆದರೆ ಲೆನ್ಸ್ ಕೂರುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಕಣ್ಣಿನ ದೃಷ್ಟಿಗೆ ತಕ್ಕಂತೆ ನೋಟದ ಕಿಂಡಿಯನ್ನು ಹೊಂದಿಸುವ ಪುಟ್ಟ ಚಕ್ರವೂ ಅದರಲ್ಲಿಲ್ಲ. ಮನೆಯಲ್ಲಿ ಒಬ್ಬರು ಕನ್ನಡಕದವರು, ಇನ್ನೊಬ್ಬರು ಅಲ್ಲದವರು ಇದ್ದರೆ ಈ ಸಣ್ಣ ಚಕ್ರದ ಬೆಲೆ ತಿಳಿಯುತ್ತದೆ. ಉಳಿತಾಯ ಅತಿಯಾದರೆ ಹೀಗೆಯೇ.

2019ರ ಕ್ಯಾನನ್ 200 ಡಿ ಮಾರ್ಕ್ 2 ಇವೆಲ್ಲಕ್ಕಿಂತ ದುಬಾರಿ. ತೂಕ 449 ಗ್ರಾಂ. ಪರದೆ ಬೇಕಾದ ದಿಕ್ಕಿಗೆ ತಿರುಗುತ್ತದೆ, ಬೆರಳು ಮುಟ್ಟಿದರೆ ಕೆಲಸ ಮಾಡುತ್ತದೆ, ಮೈಕ್ ಸಿಕ್ಕಿಸುವ ಕಿಂಡಿಯೂ ಇದೆ. ಮಗಳ ಭರತನಾಟ್ಯವನ್ನು ಚಲನಚಿತ್ರವಾಗಿ ಹಿಡಿಯಬೇಕೆಂಬ ಆಸೆಯವರು ಇದರ ಬಗ್ಗೆ ಯೋಚಿಸಬಹುದು. ಸ್ಥಿರಚಿತ್ರವಷ್ಟೇ ಸಾಕೆನ್ನುವವರಿಗೆ ಆ ಹೆಚ್ಚಿನ ಹಣ ಒಳ್ಳೆಯ ಲೆನ್ಸಿನ ರೂಪದಲ್ಲಿಯೇ ಇರಲಿ.

ಕಾಗದದ ಮೇಲಿನ ಅಂಕಿಗಳೆಲ್ಲ ಮುಗಿದ ಮೇಲೆ ಎರಡನ್ನೂ ಕೈಯಲ್ಲಿ ಹಿಡಿದು ನೋಡುವುದು ಅಗತ್ಯ. ಬೆರಳಿಗೆ ಗುಂಡಿ ಎಟಕುತ್ತದೆಯೇ, ಹಿಡಿತ ಸರಿಯಾಗಿದೆಯೇ, ಮನೆಯಲ್ಲಿ ಹೆಚ್ಚಾಗಿ ಬಳಸುವವರ ಕೈಗೆ ಹೊಂದುತ್ತದೆಯೇ ಎಂಬುದನ್ನು ಯಾವ ಪಟ್ಟಿಯೂ ಹೇಳಲಾರದು.

ಬಳಸಿದ ಕ್ಯಾಮರಾ ಕೊಳ್ಳುವಾಗ

ಬಳಸಿದ ಬಾಡಿ ಎಂದೊಡನೆ ಹೆದರಬೇಕಾಗಿಲ್ಲ. ಪರೀಕ್ಷಿಸದೆ ಕೊಳ್ಳಬಾರದು, ಅಷ್ಟೆ. ಷಟರ್ ಎಂಬುದು ಸವೆಯುವ ಯಂತ್ರ. ಆರಂಭದ ದರ್ಜೆಯ ಅನೇಕ ಬಾಡಿಗಳ ಷಟರನ್ನು ಸುಮಾರು ಒಂದು ಲಕ್ಷ ಬಾರಿ ಪರೀಕ್ಷಿಸಿರುತ್ತಾರೆ. ನಿಕಾನಿನಲ್ಲಿ ಷಟರ್ ಎಷ್ಟು ಸಲ ಓಡಿದೆಯೆಂಬ ಸಂಖ್ಯೆ ಪ್ರತಿ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ. ಕಂಪ್ಯೂಟರಿನಲ್ಲಿ ಅದನ್ನು ಓದಬಹುದು. ಹತ್ತು ಹದಿನೈದು ಸಾವಿರ ಓಡಿದ ಬಾಡಿ ಇನ್ನೂ ಪ್ರಾಯದ್ದೇ.

ಸೆನ್ಸರಿನ ಮೇಲೆ ಧೂಳು ಕೂತಿದೆಯೇ ಎಂದು ತಿಳಿಯಲು ಕಂಡಿಯನ್ನು ಎಫ್ 16ಕ್ಕೆ ಕಿರಿದು ಮಾಡಿ ಬಿಳಿಯ ಗೋಡೆಯ ಚಿತ್ರ ತೆಗೆದು ದೊಡ್ಡದಾಗಿ ನೋಡಬೇಕು. ಕಪ್ಪು ಚುಕ್ಕಿಗಳು ಕಂಡರೆ ಧೂಳಿದೆ. ಅದನ್ನು ಶುಚಿ ಮಾಡಿಸಬಹುದು. ಆದರೆ ಲೆನ್ಸಿನೊಳಗೆ ಬೂಷ್ಟು ಹಿಡಿದಿದ್ದರೆ ಅದು ಬೇರೆಯೇ ಮಾತು. ಟಾರ್ಚಿನ ಬೆಳಕನ್ನು ಲೆನ್ಸಿನ ಮೂಲಕ ಹಾಯಿಸಿದಾಗ ಜೇಡರ ಬಲೆಯಂತಹ ಎಳೆಗಳು ಕಂಡರೆ ಆ ಲೆನ್ಸನ್ನು ಅಲ್ಲಿಯೇ ಇಟ್ಟು ನಮಸ್ಕಾರ ಹೇಳುವುದು ಲೇಸು. ಮಂಗಳೂರು, ಉಡುಪಿ, ಕಾರವಾರದ ಕರಾವಳಿಯಲ್ಲೂ ಆಗುಂಬೆ, ಮಡಿಕೇರಿಯಂತಹ ಮಳೆನಾಡಿನಲ್ಲೂ ಬಾಳಿದ ಕ್ಯಾಮರಾಗಳನ್ನು ಈ ದೃಷ್ಟಿಯಿಂದ ವಿಶೇಷವಾಗಿ ನೋಡತಕ್ಕದ್ದು.

ಹೊಸದನ್ನೇ ಕೊಳ್ಳುವವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಡಿಜಿಟಲ್ ಕ್ಯಾಮರಾಗಳ ಮೇಲಿನ ಜಿಎಸ್‌ಟಿ ತೆರಿಗೆ ಶೇಕಡ 28ರಿಂದ 18ಕ್ಕೆ 2019ರ ಜನವರಿ 1ರಿಂದ ಇಳಿಯಿತು. ಹಾಗಿದ್ದೂ ತೆರಿಗೆ ತಪ್ಪಿಸಿ ತಂದ ಸರಕನ್ನು ರಶೀದಿಯಿಲ್ಲದೆ ಇನ್ನೂ ಕಡಮೆಗೆ ಕೊಡುವೆವೆನ್ನುವವರು ಇದ್ದಾರೆ. ಅಂತಹ ಕ್ಯಾಮರಾ ಕೆಟ್ಟರೆ ಇಲ್ಲಿಯ ವಾರಂಟಿ ದೊರೆಯುವ ಭರವಸೆಯಿಲ್ಲ. ರಶೀದಿ, ವಾರಂಟಿ ಚೀಟಿ, ಬಾಡಿಯ ತಳದಲ್ಲಿ ಅಚ್ಚಾದ ಸಂಖ್ಯೆ, ಮೂರೂ ಒಂದಕ್ಕೊಂದು ತಾಳೆಯಾಗುವುದನ್ನು ನೋಡಿಯೇ ಹಣ ಎಣಿಸಬೇಕು.

ನೂರು ರೂಪಾಯಿಯ ಲೆಕ್ಕ

ಕ್ಯಾಮರಾದ ಬೆಲೆಯೇ ಕ್ಯಾಮರಾದ ಖರ್ಚೆಂದು ತಿಳಿದವರು ಮನೆಗೆ ಬಂದ ಮೇಲೆ ಕೈಹಿಸುಕಿಕೊಳ್ಳುತ್ತಾರೆ. ಕಾರ್ಡು ಬೇಕು; ಚೀಲ ಬೇಕು; ಮದುವೆಯ ದಿನ ಕೈಕೊಡದಂತೆ ಇನ್ನೊಂದು ಬ್ಯಾಟರಿ ಬೇಕು. ಆದ್ದರಿಂದ ಇಟ್ಟುಕೊಂಡ ಹಣವನ್ನು ಮೊದಲೇ ಪಾಲು ಮಾಡುವುದು ಕ್ಷೇಮ. ನೂರು ರೂಪಾಯಿ ಇದೆಯೆಂದು ಭಾವಿಸಿದರೆ ಅರವತ್ತು ಬಾಡಿಗೂ ಕಿಟ್ ಲೆನ್ಸಿಗೂ ಇರಲಿ. ಇಪ್ಪತ್ತು ಎರಡನೆಯ ಲೆನ್ಸಿಗೆ. ಹತ್ತು ಕಾರ್ಡು, ಬ್ಯಾಟರಿ, ಚೀಲಗಳಿಗೆ. ಉಳಿದ ಹತ್ತು ಕ್ಯಾಮರಾವನ್ನು ಕಾಪಾಡುವುದಕ್ಕೂ ಚಿತ್ರಗಳನ್ನು ಅಚ್ಚು ಹಾಕಿಸುವುದಕ್ಕೂ ಮೀಸಲು. ಅರವತ್ತರೊಳಗೆ ಹೊಸದು ಬರದಿದ್ದರೆ ಬಳಸಿದ್ದನ್ನು ನೋಡಬಹುದು. ಎರಡನೆಯ ಲೆನ್ಸಿನ ಇಪ್ಪತ್ತನ್ನು ಮಾತ್ರ ಬಾಡಿಗೆ ಬಲಿಕೊಡಬಾರದು.

64 ಜಿಬಿಯ ಒಂದು ಕಾರ್ಡಿನಲ್ಲಿ 24 ಮೆಗಾಪಿಕ್ಸೆಲ್‌ನ ಸಾಮಾನ್ಯ ಜೆಪೆಗ್ ಚಿತ್ರಗಳು ಸಾವಿರಗಟ್ಟಲೆ ಹಿಡಿಯುತ್ತವೆ. ಅದಕ್ಕಿಂತ ದೊಡ್ಡ ಕಾರ್ಡು ಆರಂಭಕ್ಕೆ ಅನಗತ್ಯ. ಮುಕ್ಕಾಲಿಯನ್ನೂ ಮೊದಲ ದಿನವೇ ಕೊಳ್ಳಬೇಕಾಗಿಲ್ಲ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಗುಡಿಗಳಲ್ಲಿ ಅದನ್ನು ಬಳಸಲು ಹೇಗೂ ಅನುಮತಿ ಪಡೆಯಬೇಕು.

ಕಾಪಾಡುವ ವಿಧಾನ ಸುಲಭ. ಕ್ಯಾಮರಾವನ್ನು ಚರ್ಮದ ಚೀಲದಲ್ಲಿ ಹಾಕಿ ಬೀರುವಿನೊಳಗೆ ಬೀಗ ಹಾಕಿಡುವುದು ಬೂಷ್ಟಿಗೆ ಆಮಂತ್ರಣ ಕೊಟ್ಟಂತೆ; ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ. ಗಾಳಿಯಾಡದಂತೆ ಮುಚ್ಚುವ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ ಪೊಟ್ಟಣ, ಸಾಧ್ಯವಾದರೆ ತೇವ ತೋರಿಸುವ ಪುಟ್ಟ ಮಾಪಕ, ಇಷ್ಟು ಸಾಕು. ತೇವಾಂಶ ಶೇಕಡ 40ರಿಂದ 50ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು. ಇವೆಲ್ಲಕ್ಕಿಂತ ಉತ್ತಮವಾದ ಔಷಧ ಕ್ಯಾಮರಾವನ್ನು ಆಗಾಗ ಹೊರತೆಗೆದು ಬಳಸುವುದು.

ಕಣ್ಣಿನ ಪಾಲು

ಇಷ್ಟೆಲ್ಲ ಲೆಕ್ಕ ಹಾಕಿ ತಂದ ಕ್ಯಾಮರಾ ಆರು ತಿಂಗಳಲ್ಲಿ ಮೂಲೆ ಸೇರುವ ಮನೆಗಳು ಕಡಮೆಯಲ್ಲ. ಬಳಕೆಗೆ ತಕ್ಕ ಉಪಕರಣ ಕೊಳ್ಳದಿರುವುದು ಅದಕ್ಕೆ ಒಂದು ಕಾರಣ. ಇನ್ನೂ ದೊಡ್ಡದನ್ನು ಕೊಂಡಿದ್ದರೆ ಚಿತ್ರ ಚೆನ್ನಾಗಿ ಬರುತ್ತಿತ್ತೆಂಬ ಹಳಹಳಿ ಇನ್ನೊಂದು. ಮೈಸೂರಿನಲ್ಲಿ 1923ರಲ್ಲಿ ಜನಿಸಿದ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯಬಹುದು. ಜನಸಾಮಾನ್ಯರ, ಅದರಲ್ಲೂ ಮಕ್ಕಳ ನಿತ್ಯಜೀವನವೇ ಅವರ ಕ್ಯಾಮರಾದ ವಸ್ತುವಾಗಿತ್ತು. ಆ ಚಿತ್ರಗಳೇ ಅವರಿಗೆ ಪದ್ಮಶ್ರೀಯನ್ನೂ ದೇಶಾಂತರದ ಮನ್ನಣೆಯನ್ನೂ ತಂದವು. ಮೂಡಿಗೆರೆಯ ತಮ್ಮ ತೋಟದ ಆಸುಪಾಸಿನ ಹಕ್ಕಿಗಳನ್ನೇ ತಾಳ್ಮೆಯಿಂದ ಕಾದು ಚಿತ್ರಿಸಿದ ಪೂರ್ಣಚಂದ್ರ ತೇಜಸ್ವಿಯವರ ನಿದರ್ಶನವೂ ಕಣ್ಣ ಮುಂದಿದೆ. ಇಬ್ಬರೂ ದುಡಿದದ್ದು ಬಹುಕಾಲ ಫಿಲ್ಮಿನ ಕ್ಯಾಮರಾಗಳಲ್ಲಿ. ತೆಗೆದ ಚಿತ್ರ ಹೇಗೆ ಬಂದಿದೆಯೆಂದು ಅದು ತೊಳೆದು ಬರುವ ತನಕ ತಿಳಿಯದಿದ್ದ ಕಾಲ ಅದು. ಇಂದಿನ ಅತ್ಯಂತ ಅಗ್ಗದ ಡಿಎಸ್‌ಎಲ್‌ಆರ್‌ನಲ್ಲಿಯೂ ತಪ್ಪು ಆ ಕ್ಷಣವೇ ಪರದೆಯ ಮೇಲೆ ಕಾಣುತ್ತದೆ. ತಿದ್ದಿಕೊಳ್ಳುವುದಕ್ಕೆ ಕಾಸು ಖರ್ಚಿಲ್ಲ.

ಕ್ಯಾಮರಾ ಬಂದ ಮೊದಲ ತಿಂಗಳು ಹೊಸ ಸಾಮಾನು ಏನನ್ನೂ ಕೊಳ್ಳದೆ, ದಿನಕ್ಕೆ ಹತ್ತು ಚಿತ್ರದಂತೆ ಮನೆಯವರನ್ನೇ ತೆಗೆದು ನೋಡುವುದು ಒಳ್ಳೆಯ ಅಭ್ಯಾಸ. ಕಿಟಕಿಯ ಬೆಳಕು ಯಾವ ಹೊತ್ತಿಗೆ ಎಲ್ಲಿ ಬೀಳುತ್ತದೆ, ಅಜ್ಜ ಪತ್ರಿಕೆ ಓದುವಾಗ ಯಾವ ಭಂಗಿಯಲ್ಲಿ ಕುಳಿತಿರುತ್ತಾರೆ ಎಂಬುದು ಆಗ ತಾನಾಗಿ ಕಾಣತೊಡಗುತ್ತದೆ. ತಿಂಗಳ ಕೊನೆಗೆ ಅವುಗಳಲ್ಲಿ ಒಂದನ್ನಾದರೂ ಅಚ್ಚು ಹಾಕಿಸಿ ಚೌಕಟ್ಟು ಕಟ್ಟಿಸಬೇಕು. ಕಾರ್ಡಿನಲ್ಲೇ ಉಳಿದ ಸಾವಿರ ಚಿತ್ರಗಳು ಕಾರ್ಡಿನೊಡನೆಯೇ ಕಳೆದುಹೋಗಬಹುದು. ಗೋಡೆಯ ಮೇಲಿನ ಒಂದು ಚಿತ್ರ ಮೊಮ್ಮಕ್ಕಳ ಕಾಲಕ್ಕೂ ಉಳಿದೀತು.

ಮುಂದಿನ ವರ್ಷ ಇದಕ್ಕಿಂತ ಮೇಲಾದ ಬಾಡಿ ಬರುತ್ತದೆ, ಬೆಲೆಯೂ ಇಳಿದೀತು. ಅದಕ್ಕಾಗಿ ಕಾಯುವುದರಲ್ಲಿ ತಪ್ಪಿಲ್ಲ. ಆದರೆ ಮಗು ಕಾಯುವುದಿಲ್ಲ, ಅಜ್ಜಿಯೂ ಕಾಯುವುದಿಲ್ಲ. ಕೈಗೆಟುಕುವ ಬಾಡಿ, ಕೆಲಸಕ್ಕೆ ತಕ್ಕ ಲೆನ್ಸು, ಈ ಎರಡು ಕೂಡಿದ ದಿನವೇ ಕೊಳ್ಳುವುದಕ್ಕೆ ಸುದಿನ.